ಮಹದೇವಿ ಹಾಕಿದ ಅರ್ಜಿ

ಮಹದೇವಿ, ನೀನು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದನ್ನು ನಿನ್ನ ಅತ್ತೆಗೆ ಹೇಳಿದವಳು ನಾನು. ಅರ್ಜಿ ತೆಗೆದುಕೊಂಡ ಕಚೇರಿಯ ಗುಮಾಸ್ತನಲ್ಲ. ಇಷ್ಟು ವರ್ಷ ನೀನು ಆತನಿಗೆ ಶಾಪ ಹಾಕಿದೆ, ಆತನನ್ನು ಮಾರ್ಟಳ್ಳಿಯ ಕಡೆಗೆ ವರ್ಗ ಮಾಡಿ ಎತ್ತಿಹಾಕಿದರು, ನಾನು ಬಾಯಿ ಬಿಡಲಿಲ್ಲ. ಇದನ್ನು ಬರೆಯುತ್ತಿರುವಾಗಲೂ ಹೊರಗೆ ಸದ್ದಾದರೆ ಕಾಗದದ ಮೇಲೆ ಅಂಗೈ ಮುಚ್ಚುತ್ತೇನೆ. ಹಾಲಿನವನಿಗೂ ಹೆದರುವ ಸ್ಥಿತಿ ನನ್ನದು.

ನಿನ್ನ ಮಟ್ಟಿಗೆ ನಾನು ಯಳಂದೂರಿನ ಟೀಚರಮ್ಮ, ರಿಟೈರ್ ಆದವಳು — ಅಷ್ಟೇ. ಇನ್ನೊಂದು ವಿಷಯ ನಿನಗೆ ಗೊತ್ತಿಲ್ಲ. ಗರ್ಭಿಣಿಯರ ಸ್ಕ್ಯಾನಿಂಗ್ ಕೇಂದ್ರಗಳಲ್ಲಿ ಯಾವುದಕ್ಕೆ ಪರವಾನಗಿ ಕೊಡಬೇಕು, ಯಾವುದನ್ನು ಮುಚ್ಚಬೇಕು ಎಂದು ಸರ್ಕಾರಕ್ಕೆ ಸಲಹೆ ಕೊಡುವ ಸಮಿತಿಯಲ್ಲಿ ನಾನೊಬ್ಬಳು ಸದಸ್ಯೆಯಾಗಿದ್ದೆ. ಹೆಂಗಸರ ಪರವಾಗಿ! ಸಭೆಯ ದಿನ ಮನೆ ಬಾಗಿಲಿಗೆ ಜೀಪು ಬರುತ್ತಿತ್ತು. ಅಕ್ಕಪಕ್ಕದವರು ನೋಡಲಿ ಎಂದು ನಾನು ಬೇಕೆಂದೇ ಸ್ವಲ್ಪ ತಡಮಾಡಿ ಹೊರಗೆ ಬರುತ್ತಿದ್ದೆ.

ಕೊಳ್ಳೇಗಾಲದ ಒಂದು ಕೇಂದ್ರದಲ್ಲಿ ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಸನ್ನೆಯಲ್ಲಿ ತಿಳಿಸುತ್ತಾರೆ ಎಂಬ ದೂರು ಬಂದಿತ್ತು. ಹೋಗಿ ನೋಡಿದೆವು, ವಿಚಾರಿಸಿದೆವು. ದೂರು ನಿಜವೆಂದು ಮನವರಿಕೆಯಾಗಿ, ಮುಚ್ಚಿಸಬೇಕೆಂದು ಸಲಹೆ ಬರೆದು ಎಲ್ಲರೂ ಸಹಿ ಹಾಕಿದೆವು. ಆಮೇಲೆ — ಏನೂ ಆಗಲಿಲ್ಲ. ಕೇಂದ್ರದ ಬಾಗಿಲು ತೆರೆದೇ ಇತ್ತು. ಮುಂದಿನ ಸಭೆಯಲ್ಲಿ ಅಧ್ಯಕ್ಷರು ಆ ಮಾತು ಎತ್ತಲಿಲ್ಲ, ನಾವೂ ಕೇಳಲಿಲ್ಲ. ಅಲ್ಲಿನ ಡಾಕ್ಟರು ದೊಡ್ಡ ಕೈ. ನನ್ನ ಮಗಳ ಹೆರಿಗೆ ಮಾಡಿಸಿದವರೂ ಅವರೇ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಹಾಗೆ ಸಹಿ ಹಾಕಿದ ಪುಣ್ಯವೂ ನನಗಿರಲಿ, ಸುಮ್ಮನಿದ್ದ ಸುಖವೂ ನನಗಿರಲಿ ಎಂದುಕೊಂಡೆ.

ಆಗ ನಿನ್ನ ಅರ್ಜಿ ಬಂತು. ಎರಡೇ ಪ್ರಶ್ನೆ. ಆ ಕೇಂದ್ರದ ಬಗ್ಗೆ ಸಮಿತಿ ಕೊಟ್ಟ ಸಲಹೆ ಏನು? ಅದರ ಮೇಲೆ ಆದ ಕ್ರಮ ಏನು? ಯಾರು ಕೇಳಿದರೂ ಕೊಡಲೇಬೇಕಾದ ಉತ್ತರ ಅದು. ಆದರೆ ಅಧ್ಯಕ್ಷರ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೂ ನಮಗೆಲ್ಲ ಬೆವರು ಕಿತ್ತುಬಂದಿತ್ತು.

“ಮೇಡಂ, ಈ ಹುಡುಗೀನ ನಿಮ್ಮ ಯಳಂದೂರು ಕಡೆಗೇ ಕೊಟ್ಟಿರೋದಂತೆ,” ಎಂದರು ಅಧ್ಯಕ್ಷರು. “ನೀವೊಂದು ಮಾತು ಹೇಳಿ, ಅರ್ಜಿ ವಾಪಸ್ ತಗೊಳ್ಳಲಿ. ಇಲ್ಲದಿದ್ರೆ ಸಹಿ ಹಾಕಿ ಸುಮ್ನೆ ಕೂತಿದ್ರು ಅಂತ ಪೇಪರಿನಲ್ಲಿ ಎಲ್ಲರ ಹೆಸರೂ ಬರುತ್ತೆ. ನಿಮ್ಮದೂ.”

ನಿಮ್ಮದೂ — ಆ ಒಂದು ಮಾತಿಗೆ ನಾನು ಒಪ್ಪಿಬಿಟ್ಟೆ. ನಿಜ ಹೇಳಿ, ನಿಜ ಹೇಳಿ ಎಂದು ಜೀವನವೆಲ್ಲ ಮಕ್ಕಳಿಗೆ ಬೆತ್ತ ತೋರಿಸಿದವಳ ಹೆಸರು ಪೇಪರಿನಲ್ಲಿ!

ಅರ್ಜಿಯಲ್ಲಿ ನೀನು ಗಂಡನ ಮನೆಯ ವಿಳಾಸ ಕೊಟ್ಟಿರಲಿಲ್ಲ. ಹನೂರಿನ ಆಚೆಗಿರುವ ತವರಿನ ವಿಳಾಸ ಕೊಟ್ಟಿದ್ದೆ. ಏಕೆಂದು ನನಗೆ ಹೊಳೆಯಲಿಲ್ಲ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಹೊಳೆದಿತ್ತು. ಗಂಡನ ಮನೆಯವರಿಗೆ ತಿಳಿಯಬಾರದೆಂದೇ ಹಾಗೆ ಬರೆದಿದ್ದಾಳೆ ಎಂದು ಅಂದೇ, ಅಲ್ಲೇ ಹೊಳೆದಿತ್ತು.

ಆದರೂ ಹೂವು ಹಣ್ಣು ತೆಗೆದುಕೊಂಡು ನಿನ್ನ ಗಂಡನ ಮನೆಗೇ ಬಂದೆ. ನಮ್ಮ ಕಡೆ ಸೊಸೆಯ ವಿಷಯವನ್ನು ಮೊದಲು ಅತ್ತೆಯ ಕಿವಿಗೆ ಹಾಕುವುದೇ ಮರ್ಯಾದೆ. ಸೊಸೆಯನ್ನು ಬೇರೆ ಕರೆದು ಮಾತಾಡಿದವಳು ಮನೆ ಒಡೆಯುವವಳು ಅನ್ನಿಸಿಕೊಳ್ಳುತ್ತಾಳೆ. ಆ ರೂಢಿ ನನ್ನ ಹೆದರಿಕೆಗೆ ಅನುಕೂಲವಾಗಿ ಒದಗಿತು. ನೀನು ಮಕ್ಕಳನ್ನು ಅಂಗನವಾಡಿಯಿಂದ ಕರೆತರಲು ಹೋಗಿದ್ದೆ. ನಿನ್ನ ಅತ್ತೆ ಜಗಲಿಯ ಮೇಲೆ ರಾಗಿ ಕೇರುತ್ತಿದ್ದರು.

“ನಮ್ ಸೊಸೆ ಅರ್ಜಿ ಆಕವ್ಳಾ? ಯಾತುಕ್ಕೆ ಟೀಚರಮ್ಮಾ?”

“ಕೊಳ್ಳೇಗಾಲದ ಸ್ಕ್ಯಾನಿಂಗ್ ವಿಷ್ಯ ಕಣವ್ವ. ಹುಡುಗಿ, ತಿಳೀದೆ ಹಾಕ್ಬಿಟ್ಟವಳೆ. ವಾಪಸ್ ತಕೊ ಅಂತ ನೀವೇ ಒಂದು ಮಾತು ಹೇಳಿ, ಅಷ್ಟೆ.”

ಅಷ್ಟೆ ಅಂದೆ ನಾನು.

ಅವರು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. ಮೊರ ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, “ಆಯ್ತು ಬುಡಿ, ನಾವ್ ನೋಡ್ಕತೀವಿ” ಎಂದರು. ಎಷ್ಟು ಮೆತ್ತಗೆ ಅಂದರೆ — ಕೂಗಾಡಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಅಷ್ಟರಲ್ಲಿ ನೀನು ಎರಡು ಹೆಣ್ಣುಮಕ್ಕಳ ಕೈ ಹಿಡಿದು ಬಂದೆ. ಹೊಟ್ಟೆ ಆಗಲೇ ಕಾಣುತ್ತಿತ್ತು. ನಿನ್ನ ಅತ್ತೆ ಮುಖವನ್ನು ಒಂಚೂರೂ ಬದಲಿಸದೆ, “ಟೀಚರಮ್ಮ ಇಂಗೇ ಬಂದವ್ರೆ ಕಣವ್ವ, ಕುಂಕ್ಮ ತಕಂಡ್ ಬಾ ಓಗು” ಎಂದರು.

ನೀನು ಕುಂಕುಮ ಇಟ್ಟೆ. ಬಗ್ಗಿ ಕಾಲಿಗೆ ನಮಸ್ಕರಿಸಿದೆ. ಒಳ್ಳೇದಾಗಲಿ ಎಂದು ನಾನು — ಹೌದು, ಅದನ್ನೂ ಅಂದೆ. ಆಮೇಲೆ ನೀನು ಬೀದಿಯ ತನಕ ಬಂದೆ ನನ್ನ ಜೊತೆ. “ಬಸ್ ಬರಕ್ಕಿನ್ನೂ ಒತ್ತಾಯ್ತದೆ, ಇನ್ನೊಂಚೂರು ಕೂತ್ಕಂಡ್ ಓಗಿ ಟೀಚರ್” ಎಂದು ನಕ್ಕೆ. ಅಲ್ಲಿ ನಾವಿಬ್ಬರೇ ಇದ್ದೆವು. ಈವತ್ತೇ ತವರಿಗೆ ಹೊರಟುಬಿಡು ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು? ಹೇಳಿದರೆ ಏಕೆ ಎಂದು ಕೇಳುತ್ತೀಯ, ಕೇಳಿದರೆ ನಾನು ಮಾಡಿದ್ದನ್ನು ಹೇಳಬೇಕು... ಕೆಲಸವಿದೆ ಎಂದು ಬಿರಬಿರನೆ ನಡೆದೆ.

ಅದೇ ವಾರ ಅರ್ಜಿ ವಾಪಸ್ ಪಡೆಯುವ ಪತ್ರ ಬಂತು, ನಿನ್ನದೇ ಸಹಿಯೊಂದಿಗೆ. ಅಧ್ಯಕ್ಷರು ನಕ್ಕು ಎಲ್ಲರಿಗೂ ಕಾಫಿ ತರಿಸಿದರು. ಕೆಲವು ದಿನ ಕಳೆದ ಮೇಲೆ ಹೂವು ಮಾರುವವಳು ಮೊಳ ಹಾಕುತ್ತಾ, ಇಂಥ ಊರಿನ ಸೊಸೆಯನ್ನು ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋಗಿದ್ದರಂತೆ, ಬಸಿರು ನಿಲ್ಲಲಿಲ್ಲವಂತೆ ಎಂದಳು. ಯಾರ ಸೊಸೆ ಎಂದು ನಾನು ಕೇಳಲಿಲ್ಲ. ಆ ಹೂವನ್ನು ಮನೆಗೆ ತಂದು ದೇವರಿಗೆ ಹಾಕಲು ಕೈ ಬರಲಿಲ್ಲ. ನೀನು ಮಕ್ಕಳನ್ನು ಕಟ್ಟಿಕೊಂಡು ತವರು ಸೇರಿದೆ ಎಂದು ಆಮೇಲೆ ತಿಳಿಯಿತು. ಸಮಿತಿಯ ಸಲಹೆ ನಿನ್ನ ಕೈಗೆ ಸಿಕ್ಕಿದ್ದರೆ ಅದನ್ನು ಠಾಣೆಯಲ್ಲೋ ಅಣ್ಣಂದಿರ ಮುಂದೋ ಇಟ್ಟು, ಆ ಕೇಂದ್ರಕ್ಕೆ ಹೋಗುವುದಿಲ್ಲ ಎಂದು ನೀನು ನಿಲ್ಲುತ್ತಿದ್ದೆ. ಆ ಮಗುವನ್ನು ಉಳಿಸಿಕೊಳ್ಳಲು ನೀನು ಹುಡುಕಿದ್ದ ದಾರಿ ಅದೊಂದೇ. ಅದನ್ನು ಮುಚ್ಚಿದವಳು ನಾನು.

ಮೊನ್ನೆ ಹಳೆಯ ಅಧ್ಯಕ್ಷರು ಫೋನ್ ಮಾಡಿದರು.

“ಆ ಹುಡುಗಿ ಮತ್ತೆ ಅರ್ಜಿ ಹಾಕಿದ್ದಾಳೆ ಮೇಡಂ. ಫೈಲು ಸಿಗ್ತಿಲ್ಲ ಅಂತ ಕಚೇರಿಯಿಂದ ಬರೆದು ಕಳಿಸ್ತಾರೆ. ನಿಮ್ಮ ಹತ್ರ ಆ ಸಭೆಯ ನಡಾವಳಿ ಪ್ರತಿ ಇದ್ರೆ ಸುಟ್ಟುಬಿಡಿ.”

ಪ್ರಶ್ನೆಗಳನ್ನೂ ಓದಿ ಹೇಳಿದರು. ಹಳೆಯ ಎರಡು ಹಾಗೆಯೇ ಇವೆ. ಹೊಸದೊಂದು ಸೇರಿದೆ: ‘ನಾನು ಹಿಂದೆ ಅರ್ಜಿ ಹಾಕಿದ್ದನ್ನು ನನ್ನ ಗಂಡನ ಮನೆಯವರಿಗೆ ತಿಳಿಸಿದವರು ಯಾರು?’

ಇದನ್ನು ಹೇಳಲು ನನಗೆ ಹೆದರಿಕೆ. ನಿನ್ನ ಗಂಡನ ಮನೆಯವರು ಜಮೀನು, ಜನ ಎರಡೂ ಇರುವವರು. ಇಲ್ಲಿಂದ ದೂರದವರೂ ಅಲ್ಲ. ನನ್ನ ಮಗಳು ಇನ್ನು ನನ್ನ ಮುಖ ನೋಡುತ್ತಾಳೋ ಇಲ್ಲವೋ ತಿಳಿಯದು. ಎಲ್ಲಕ್ಕಿಂತ ನಿನಗೇ ಹೆಚ್ಚು ಹೆದರುತ್ತೇನೆ. ಈ ಹೆದರಿಕೆ ಹೋಗಲಿ, ಆಮೇಲೆ ಹೇಳೋಣ ಎಂದು ಕಾದೆ, ಅದು ಹೋಗುವಂಥದ್ದಲ್ಲ. ಹೆದರಿಕೊಂಡೇ ಹೇಳುತ್ತಿದ್ದೇನೆ. ಕ್ಷಮಿಸು ಎಂದು ಕೇಳುವುದಿಲ್ಲ.

ನಡಾವಳಿಯ ಪ್ರತಿಯನ್ನು ಸುಟ್ಟಿಲ್ಲ, ಇದರ ಜೊತೆಗಿಟ್ಟಿದ್ದೇನೆ. ನಿನ್ನ ಮೊದಲ ಪ್ರಶ್ನೆಗೆ ಉತ್ತರ ಅದರಲ್ಲಿದೆ. ಎರಡನೆಯದಕ್ಕೆ ಉತ್ತರ, ಏನೂ ಮಾಡಲಿಲ್ಲ ಎಂಬುದು. ಯಾರ ಮುಂದೆ ಕರೆದರೂ ಬಂದು ಅದನ್ನು ಹೇಳುತ್ತೇನೆ. ಮೂರನೆಯದಕ್ಕೆ ಕಚೇರಿಯವರು ‘ಮಾಹಿತಿ ಲಭ್ಯವಿಲ್ಲ’ ಎಂದು ಬರೆದು ಕಳಿಸುತ್ತಾರೆ. ನಂಬಬೇಡ, ಮಹದೇವಿ. ಅದರ ಉತ್ತರವಾಗಿ ಈ ಕಾಗದದ ಕೊನೆಗೆ ಹೆಸರು ಬರೆದು ಸಹಿ ಹಾಕುತ್ತಿದ್ದೇನೆ. ಅಕ್ಷರ ಸೊಟ್ಟಗಿವೆ. ಆದರೆ ಹೆಸರು ನನ್ನದೇ.