ಡೋರ್ಕಸ್ಸಳ ದಿಂಬಿನ ಮೇಲಿದ್ದ ಮೂಳೆಯ ಕಡ್ಡಿ

ವಿನ್ನಿ ಓಡೆಲ್ ಬರುತ್ತಿದ್ದಾಳೆಂದರೆ ನಮ್ಮ ಬೆಡ್‌ಫರ್ಡ್ ಸೀಮೆಯ ಹೆಂಗಸರು ಹೊಲಿಗೆಪೆಟ್ಟಿಗೆ ಬಚ್ಚಿಡುತ್ತಿದ್ದರು. ಲೇಸು ಹೆಣೆಯಲು ನೂಲು ಸುತ್ತಿಡುವ ಹಳೆಯ ಕಡ್ಡಿ ಕಣ್ಣಿಗೆ ಬಿದ್ದರೆ ಮುಗಿಯಿತು, ಕೈಗೆ ಕೊಡುವವರೆಗೂ ಎದ್ದು ಹೋಗುವ ಪೈಕಿಯವಳಲ್ಲ. ಕಡ್ಡಿಯ ಬಾಲಕ್ಕೆ ಪೋಣಿಸಿದ ಮಣಿ ನೋಡಿಯೇ ಯಾವ ಊರಿನದೆಂದು ಹೇಳುತ್ತಿದ್ದಳು. ಗಾಜಿನ ಬೀರುವಿನಲ್ಲಿ ಆರುನೂರು ಕೂಡಿಹಾಕಿದ್ದಳು. ಒಂದಂಗುಲ ಲೇಸು ಹೆಣೆಯಲು ಮಾತ್ರ ಬರುತ್ತಿರಲಿಲ್ಲ.

ಅಷ್ಟಿದ್ದರೂ ಅವಳ ಜೀವವೆಲ್ಲ ಎಂಬತ್ತರ ಡೋರ್ಕಸ್ ಟೈಸೋ ಲೇಸು ಹೆಣೆಯಲು ಇಟ್ಟುಕೊಂಡಿದ್ದ ದಿಂಬಿನ ಮೇಲಿನ ಒಂದು ಮೂಳೆಯ ಕಡ್ಡಿಯ ಮೇಲೆ. ಅದರಲ್ಲಿ ಕೆಂಪು, ನೀಲಿ ಚುಕ್ಕೆಗಳಿಂದ 'ಕೆಜಾಯಾ, ನನ್ನವಳಾಗು' ಎಂದು ಕೊರೆದಿತ್ತು. ಕೆಜಾಯಾ ವಿನ್ನಿಯ ಮುತ್ತಜ್ಜಿ.

"ನಮ್ಮಜ್ಜಿ ಹೆಸ್ರು ಕಣೇ. ನಂಗೇ ಸೇರ್ಬೇಕು."

"ಕೊರ್ದೋನು ನಮ್ಮ ಮುತ್ತಜ್ಜ. ನಿಮ್ಮಜ್ಜಿ ಮೂಗು ಮುರ್ದು ವಾಪಸ್ ಕಳ್ಸಿದ್ಳು. ಈಗ ಕೇಳೋಕ್ ಬಂದ್ಯಾ?"

ನವೆಂಬರಿನಲ್ಲಿ, ಲೇಸು ಹೆಣೆಯುವವರ ಕ್ಯಾಥರೀನ್ ಹಬ್ಬದಂದು ನಾವೆಲ್ಲ ಜೀರಿಗೆ ಕೇಕು ತಿನ್ನುತ್ತಿದ್ದಾಗ ಡೋರ್ಕಸ್ ಬೇಕಂತಲೇ ಜೋರಾಗಿ ಹೇಳಿದಳು: "ಆ ಕಡ್ಡಿ ಹಿಡ್ದು ನೀನೇ ನಾಕಂಗುಲ ಹೆಣಿ. ಆಮೇಲ್ ತಗೊಂಡ್ಹೋಗು."

ಎಲ್ಲರೂ ವಿನ್ನಿಯ ಮುಖ ನೋಡಿದೆವು. "ಅದೇನ್ ಮಹಾ!" ಎಂದಳು, ಕಿವಿಯವರೆಗೂ ಕೆಂಪಾಗಿ.

ಪ್ರತಿ ಗುರುವಾರ ಡೋರ್ಕಸ್ಸಳ ಮನೆಯಲ್ಲಿ ಪಾಠವೆಂದಾಯಿತು. ಮೊದಲ ದಿನ ನಲವತ್ತು ಕಡ್ಡಿಗೂ ಅವಳ ಕೈಯಲ್ಲೇ ನೂಲು ಸುತ್ತಿಸಿದಳು ಡೋರ್ಕಸ್. ಆಮೇಲೆ ತಿಂಗಳುಗಟ್ಟಲೆ ಬರೀ ಸಿಕ್ಕು. "ಬೀರುಗೆ ಬೀಗ ಹಾಕೋ ಕೈ ನೋಡು, ಗಂಟು ಮಾತ್ರ ಭದ್ರವಾಗ್ ಬೀಳ್ತವೆ!" ಬೈಗುಳ ಪಕ್ಕದ ನಮ್ಮ ಮನೆಯವರೆಗೂ ಕೇಳುತ್ತಿತ್ತು, ಬರಬರುತ್ತ ನಗುವೂ ಕೇಳತೊಡಗಿತು.

ಮೇ ತಿಂಗಳಲ್ಲಿ ನಾಲ್ಕಂಗುಲ ತುಂಬಿತು. ವಿನ್ನಿ ಹತ್ತಿ ಹಾಸಿದ ಡಬ್ಬಿಯೊಂದಿಗೆ ಬಂದಳು. ತಮಾಷೆ ತಪ್ಪಿಸಿಕೊಳ್ಳಲಾಗದೆ ನಾನೂ ಹೋದೆ. ಡೋರ್ಕಸ್ ಕತ್ತರಿ ಮುಂದಿಟ್ಟಳು.

"ತಗೋ. ಆದ್ರೆ ಕಡ್ಡಿ ಬೇಕಂದ್ರೆ ನೂಲು ಕತ್ತರಿಸ್ಬೇಕು, ಹೆಣೆದಿದ್ದೆಲ್ಲ ಹಾಳಾಗತ್ತೆ. ಇಲ್ಲಾಂದ್ರೆ ಪೂರ್ತಿ ಮುಗಿಸು. ಮೂರೇ ಗಜ."

ಹಸಿ ಸುಳ್ಳು. ನೂಲನ್ನು ಬಿಚ್ಚಿ ಬೇರೆ ಕಡ್ಡಿಗೆ ಸುತ್ತಿದರೆ ಎರಡು ನಿಮಿಷದ ಕೆಲಸ. ಲೇಸಿನ ಮನೆಯಲ್ಲಿ ಹುಟ್ಟಿದ ನನಗೆ ಅದು ಗೊತ್ತು. ನಲವತ್ತು ಕಡ್ಡಿ ಸುತ್ತಿದ ವಿನ್ನಿಗೂ ಗೊತ್ತು. ಗೊತ್ತೆಂದು ಡೋರ್ಕಸ್ಸಳಿಗೂ ಗೊತ್ತಿತ್ತು. ಆರು ತಿಂಗಳಿಗೆ ನಾಲ್ಕಂಗುಲವೆಂದರೆ, ಮೂರು ಗಜಕ್ಕೆ ಇನ್ನೂ ಹದಿಮೂರು ವರ್ಷದ ಗುರುವಾರಗಳು.

ವಿನ್ನಿ ಕತ್ತರಿಯನ್ನು ಆಚೆ ಸರಿಸಿದಳು.

"ಥೂ, ಮೊದ್ಲೇ ಹೇಳೋಕೇನಾಗಿತ್ತು ನಿಂಗೆ?" ಎಂದು ಗೊಣಗುತ್ತ ಕುರ್ಚಿ ಎಳೆದುಕೊಂಡು ಕುಳಿತಳು.