ರುದ್ರವ್ವನ ನಾಲಿಗೆ ಒಪ್ಪಬೇಕಾದ ನೀರು

ಬೆಳಗಿನ ಐದೂವರೆ. ಪವಾಯಿಯ ಕಲ್ಲುಕ್ವಾರಿಯ ಪಕ್ಕದ ಜೋಪಡಿಯೊಂದರಲ್ಲಿ ರುದ್ರವ್ವ ಬಾಟಲಿಯ ನೀರನ್ನು ಎರಡು ಹನಿ ನಾಲಿಗೆಗೆ ಹಾಕಿಕೊಂಡು, ಮುಖ ಕಿವುಚಿ ಉಗುಳುತ್ತಾರೆ.

“ಎಷ್ಟು ಉಪ್ಪು ಹಾಕೀದಿ?”

“ಎರಡು ಚಮಚರೀ ಅಕ್ಕ. ಜಡ್ಡು ಜೋರ ಅದ, ಔಷಧನೂ ಜೋರ ಇರ್ಲಿ ಅಂತ,” ಎನ್ನುತ್ತಾಳೆ ಇಂದ್ರಾಬಾಯಿ. ಅವಳ ತೊಡೆಯ ಮೇಲೆ ವರ್ಷದ ಮಗ. ನಿನ್ನೆಯಿಂದ ಭೇದಿ, ಕಣ್ಣು ಗುಳಿಬಿದ್ದಿವೆ, ರಾತ್ರಿಯಿಂದ ಉಚ್ಚೆ ಹೊಯ್ದಿಲ್ಲ. ಪುಣ್ಯಕ್ಕೆ ಆ ನೀರಿನ್ನೂ ಅವನ ಬಾಯಿಗೆ ಬಿದ್ದಿಲ್ಲ.

ರುದ್ರವ್ವ ಅದನ್ನು ಚೆಲ್ಲಿ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಕದಡುತ್ತಾರೆ. ಚಮಚ ಚಿಕ್ಕದು, ಅಳತೆ ಮಟ್ಟಸ. “ಕಣ್ಣೀರಿಗಿಂತ ಉಪ್ಪಾಗಬಾರದವ್ವ. ಹೆಚ್ಚಾದ್ರ ಮೈಯಾಗಿನ ನೀರನ್ನೂ ಹೊರಗ ಎಳೀತದ.”

ಕಲಬುರಗಿ ಕಡೆಯಿಂದ ಕಲ್ಲೊಡೆಯಲು ಬಂದ ಈಕೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆಂಬ ಹಿರಿಯರ ಮಾತು ಕೇಳಿ ಮಗಳಿಗೆ ನೀರು ನಿಲ್ಲಿಸಿದ್ದರು, ಮಗಳು ಉಳಿಯಲಿಲ್ಲ. ಮರುವರ್ಷ, ೧೯೮೪ರಲ್ಲಿ, ಡಿಸ್ಪೆನ್ಸರಿಯ ಡಾಕ್ಟರ್ ಶಾಮಲಾ ಈ ಪಾನಕ ಕಲಿಸಿದರು. ಅಂದಿನಿಂದ ನಾಲ್ಕು ವರ್ಷ, ಕೆಲಸಕ್ಕೆ ಮೊದಲು ತೊಂಬತ್ತು ಜೋಪಡಿಗಳ ಸುತ್ತು. ಮಳೆಗಾಲದಲ್ಲಿ ದಿನಕ್ಕೆ ಎಂಟು-ಹತ್ತು ಬಾಟಲಿಗಳ ರುಚಿ ನೋಡುತ್ತಾರೆ.

“ಭೇದಿಯಲ್ಲಿ ಕರುಳು ಹೀರುವುದಕ್ಕಿಂತ ಹೆಚ್ಚು ನೀರು, ಉಪ್ಪು ಸುರಿಯುತ್ತೆ. ಆದರೆ ಸಕ್ಕರೆ ಜೊತೆ ಉಪ್ಪು ಹೀರುವ ದಾರಿ ಆಗಲೂ ತೆರೆದಿರುತ್ತೆ. ಇದನ್ನ ರುದ್ರವ್ವ ನನಗಿಂತ ಚೆನ್ನಾಗಿ ಹೇಳ್ತಾರೆ,” ಎಂದು ಡಾಕ್ಟರ್ ನಗುತ್ತಾರೆ.

ನಿಜ, ಹೇಳುತ್ತಾರೆ: “ಉಪ್ಪು ಸಕ್ಕರಿ ಕೈ ಹಿಡಕೊಂಡು ಒಳಗ ಹೋಗ್ತಾವ. ನೀರು ಅವುಗಳ ಬೆನ್ನು ಹತ್ತತದ.”

ಇಂದು ರುದ್ರವ್ವ ಕ್ವಾರಿಗೆ ಹೋಗುವುದಿಲ್ಲ. ಮಗು ಕುಡಿಯಲಾರದೆ ಮಂಕಾದರೆ ಆಸ್ಪತ್ರೆಗೆ ಹೊತ್ತೊಯ್ಯಬೇಕು. ಚಮಚ ಚಮಚವಾಗಿ ಕುಡಿಸುತ್ತಾರೆ. ಕಕ್ಕಿದರೆ ಹತ್ತು ನಿಮಿಷ ತಡೆದು ಮತ್ತೆ ಕುಡಿಸುತ್ತಾರೆ. ಇಂಥ ತಾಳ್ಮೆಗೆ ಯಾರಾದರೂ ಕೈಮುಗಿಯಲೇಬೇಕು.

ಹತ್ತರ ಸುಮಾರಿಗೆ ಮಗು ಅವರ ಮಡಿಲಲ್ಲೇ ಉಚ್ಚೆ ಹೊಯ್ಯುತ್ತದೆ. ಸೀರೆ ತೊಯ್ದುಹೋಗುತ್ತದೆ. “ಹೊಯ್ಯಿ ರಾಜಾ, ಹೊಯ್ಯಿ!” ಎಂದು ರುದ್ರವ್ವ ಗಟ್ಟಿಯಾಗಿ ನಗುತ್ತಾರೆ, ಇಂದ್ರಾಬಾಯಿ ಅಳುತ್ತಾಳೆ.

ಮುಂದಿನ ಬಾಟಲಿಯನ್ನು ತಾಯಿಯೇ ಕದಡುತ್ತಾಳೆ. ರುದ್ರವ್ವ ರುಚಿ ನೋಡಿ ಸರಿಯಿದೆಯೆಂದು ತಲೆಯಾಡಿಸುತ್ತಾರೆ.

“ನಾಳೆ ನನ್ನ ಕರೀಬ್ಯಾಡ. ಬಾಜೂ ಜೋಪಡಿಯವರು ನಿನ್ನ ಕರೀಲಿ.”