ತಲೆಯ ಮೇಲೆ ಎರಡು ಕೈ

ಆ ಮನೆಯಲ್ಲಿ ಅನುಮಾನವೇ ಅನ್ನ ಹಾಕುತ್ತಿತ್ತು. ಅಮ್ಮ ದೊಡ್ಡ ಬಟ್ಟೆ ಅಂಗಡಿಯ ಹೊರಬಾಗಿಲಲ್ಲಿ ನಿಂತು, ಹೋಗುವವರ ಚೀಲ ಇಣುಕಿ, ಬಿಲ್ಲಿಗೆ ಮುದ್ರೆ ಒತ್ತುವವಳು. ದಿನವಿಡೀ ಎಲ್ಲರನ್ನೂ ಕಳ್ಳರೆಂದುಕೊಂಡು, ಮುಖದಲ್ಲಿ ಮಾತ್ರ ನಗು ಇಟ್ಟುಕೊಳ್ಳುವ ಕೆಲಸ. ಆ ಕಣ್ಣಿಗೆ ಮನೆಯಲ್ಲೂ ರಜೆಯಿರಲಿಲ್ಲ. ಸಕ್ಕರೆ ಡಬ್ಬಿಯ ಮುಚ್ಚಳ ಕೊಂಚ ವಾರೆಯಾಗಿದ್ದರೂ ವಿಚಾರಣೆ ಶುರು. ಅದನ್ನೇ ನೋಡುತ್ತ ಬೆಳೆದ ಮಗಳಿಗೆ ಗೆಳತಿಯರು ‘ಪತ್ತೇದಾರಿ’ ಎಂದು ಹೆಸರಿಟ್ಟಿದ್ದರು. ಪಾಪ, ಅವಳು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದಳು.

ಇಂಥ ಪತ್ತೇದಾರಿ ಶಿಕ್ಷಕರ ತರಬೇತಿಗೆ ಸೇರಿ, ಒಂದು ಪ್ರಾಥಮಿಕ ಶಾಲೆಯ ಎರಡನೇ ತರಗತಿಗೆ ಸಹಾಯಕಿಯಾಗಿ ಬಂದಳು. ಪೆನ್ಸಿಲ್ ಚೂಪು ಮಾಡುವುದು, ಮೂಗು ಒರೆಸುವುದು, ಬೂಟಿನ ದಾರ ಕಟ್ಟುವುದು, ಅಳುವವರನ್ನು ನಲ್ಲಿಯವರೆಗೆ ಕರೆದೊಯ್ದು ಮುಖ ತೊಳೆಸುವುದು, ಇಷ್ಟೇ ಕೆಲಸ. ಆದರೆ ಕೊನೆಗೆ ತರಗತಿಯ ಮೇಡಂ ‘ಈಕೆ ಪಾಠ ಮಾಡಬಲ್ಲಳು’ ಎಂದು ಬರೆದುಕೊಟ್ಟರಷ್ಟೇ ಪಾಸು. ಹೋದ ವರ್ಷ ಬೇರೊಂದು ಶಾಲೆಯಲ್ಲಿ ಆ ಮಾತು ಸಿಕ್ಕಿರಲಿಲ್ಲ. ಈ ಸಲವೂ ಸಿಗದಿದ್ದರೆ ಕಾಲೇಜು ಮತ್ತೆ ಅವಕಾಶ ಕೊಡುವುದಿಲ್ಲ.

ಮೇಡಂಗೆ ತನ್ನನ್ನು ಕಂಡರಾಗದು ಎಂದು ಅವಳು ಮೊದಲ ವಾರದಲ್ಲೇ ತೀರ್ಮಾನಿಸಿದಳು. ಹಿಂದಿನಿಂದ ನಮಸ್ಕಾರ ಹೇಳಿದರೆ ತಿರುಗಿಯೂ ನೋಡುತ್ತಿರಲಿಲ್ಲ. ಎದುರು ನಿಂತು ಮಾತಾಡಿದರೆ ಬಾಯಿಯನ್ನೇ ದಿಟ್ಟಿಸುತ್ತಿದ್ದರು.

“ನನ್ನ ವಕ್ರ ಹಲ್ಲು ನೋಡ್ತಾರೆ ಕಣಮ್ಮ, ಬೇಕೂಂತ್ಲೇ,” ಎಂದು ಮನೆಯಲ್ಲಿ ಹೇಳಿದಳು.

“ಅವರ ಮುಖ ನೋಡ್ಬೇಡ ಕಣೇ, ಕೈ ನೋಡು. ಅಂಗಡೀಲಿ ನಾನು ನೋಡೋದು ಬರೀ ಕೈ,” ಎಂದಳು ಅಮ್ಮ.

ಅವಳು ಕೈ ನೋಡತೊಡಗಿದಳು. ನೋಡಿದಷ್ಟೂ ತಲೆ ಕೆಟ್ಟಿತು. ಮೇಡಂ ಕೈಯಲ್ಲಿ ಏನೂ ಇರಲಿಲ್ಲ, ಇದ್ದದ್ದೆಲ್ಲ ಮಕ್ಕಳ ಕೈಯಲ್ಲೇ. ಬಾಗಿಲ ಬಳಿ ಎರಡು ಜಡೆಯ ಹುಡುಗಿಯೊಬ್ಬಳು ಕೂರುತ್ತಿದ್ದಳು. ಹೊರಗೆ ಯಾರಾದರೂ ಬರುವ ಸದ್ದಾದರೆ ಸಾಕು, ಎರಡೂ ಕೈ ತಲೆಯ ಮೇಲಿಡುತ್ತಿದ್ದಳು. ತಕ್ಷಣ ಮೇಡಂ ಬಾಗಿಲ ಕಡೆ ತಿರುಗಿ, ಬರುವವರಿಗೆ ಮೊದಲೇ ನಗುತ್ತಿದ್ದರು. ಗಂಟೆ ಹೊಡೆದರೆ ಕೊನೆಯ ಬೆಂಚಿನ ದಪ್ಪ ಹುಡುಗ ಪುಸ್ತಕ ಎತ್ತಿ ಹಿಡಿಯುತ್ತಿದ್ದ. ಯಾವ ಮಗುವೂ ಕೂತಲ್ಲಿಂದ ಉತ್ತರ ಹೇಳುತ್ತಿರಲಿಲ್ಲ, ಮೇಜಿನ ಮುಂದೆ ಬಂದು ಮುಖ ಎತ್ತಿ ಹೇಳಬೇಕು. ಇದೇನು ತರಗತಿಯೋ, ಕಾವಲು ಹಾಕಿದ ಕೋಟೆಯೋ? ಏನೋ ಕಳ್ಳಾಟ ನಡೆಯುತ್ತಿದೆ, ಅದಕ್ಕೆ ಈ ಎಳೆಯ ಮಕ್ಕಳನ್ನು ಪಹರೆಗೆ ಕೂರಿಸಿದ್ದಾರೆ ಎಂದು ಅವಳಿಗೆ ಖಾತ್ರಿಯಾಯಿತು.

ಹುಡುಗಿಯನ್ನು ನಲ್ಲಿಯ ಹತ್ತಿರ ಹಿಡಿದು ಕೇಳಿದಳು, “ತಲೆ ಮೇಲೆ ಯಾಕೆ ಕೈ ಇಡ್ತೀಯ ಪುಟ್ಟಿ?”

“ತುರಿಸ್ತದೆ ಮಿಸ್.”

“ಎರಡೂ ಕೈಯಲ್ಲಾ?”

“ಎರಡೂ ಕಡೆ ತುರಿಸ್ತದೆ.”

ಅಷ್ಟು ಚಿಕ್ಕ ಮಗು ಕಣ್ಣು ಮಿಟುಕಿಸದೆ ಸುಳ್ಳು ಹೇಳಿದ್ದು ಕಂಡು ಅವಳ ಮೈ ಉರಿಯಿತು. ಅದೇ ಸಂಜೆ ಹೆಡ್‌ಮೇಡಂ ಕೋಣೆಗೆ ಹೋಗಿ ಎಲ್ಲವನ್ನೂ ಒದರಿದಳು.

“ನನಗೂ ಆ ಕ್ಲಾಸಿನ ಬಗ್ಗೆ ಏನೋ ಅನ್ನಿಸ್ತಿತ್ತು,” ಎಂದರು ಹೆಡ್‌ಮೇಡಂ. “ನಾಳೆ ಬಂದು ನೋಡ್ತೀನಿ. ಹಾಗೇನಾದ್ರೂ ಇದ್ರೆ ಕ್ಲಾಸನ್ನ ಬೇರೆಯವರಿಗೆ ಕೊಟ್ಟು, ಅವರನ್ನ ಕಚೇರಿ ಕೆಲಸಕ್ಕೆ ಹಾಕ್ಬೇಕಾಗುತ್ತೆ.”

ಮರುದಿನ ಮೇಡಂ ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದರು. ಅವರ ಬೆನ್ನ ಹಿಂದೆಯೇ ಪತ್ತೇದಾರಿ ಅಲಮಾರಿಯಿಂದ ಎಣಿಸುವ ಮಣಿಗಳ ತಗಡಿನ ಡಬ್ಬಿ ಇಳಿಸುತ್ತಿದ್ದಳು. ಡಬ್ಬಿ ಜಾರಿತು. ಕಲ್ಲಿನ ನೆಲಕ್ಕೆ ತಗಡು ಬಡಿದ ಸದ್ದಿಗೆ ಇಡೀ ತರಗತಿ ಬೆಚ್ಚಿಬಿತ್ತು. ಒಂದು ಮಗು ಅತ್ತೇಬಿಟ್ಟಿತು. ಮಣಿಗಳು ದಿಕ್ಕಾಪಾಲಾಗಿ ಉರುಳಿದವು.

ಮೇಡಂ ಕೈಯ ಸೀಮೆಸುಣ್ಣ ಕದಲಲಿಲ್ಲ. ಐದರ ಬಾಲವನ್ನು ನಿಧಾನವಾಗಿ ಎಳೆದು ಮುಗಿಸಿ, ಮುಂದಿನ ಅಂಕಿಗೆ ಹೋದರು.

ಅವಳು ಮೇಡಂ ಬೆನ್ನನ್ನೇ ನೋಡಿದಳು. ಹೇಳಿದ ನಮಸ್ಕಾರಗಳು, ದಿಟ್ಟಿಸಿದ ಕಣ್ಣು, ತಲೆಯ ಮೇಲಿನ ಕೈ ಎಲ್ಲ ಒಟ್ಟಿಗೇ ಅರ್ಥವಾದವು. ಇವರಿಗೆ ಕಿವಿ ಕೇಳಿಸದು, ತುಟಿ ನೋಡಿ ಮಾತು ತಿಳಿಯುತ್ತಾರೆ. ಮಕ್ಕಳಿಗೆಲ್ಲ ಗೊತ್ತು. ಗೊತ್ತಿಲ್ಲದೆ ಚಾಡಿ ಹೇಳಿ ಬಂದವಳು ತಾನೊಬ್ಬಳೇ.

ಅಷ್ಟರಲ್ಲಿ ಎರಡು ಜಡೆಯವಳ ಕೈಗಳು ತಲೆಗೇರಿದವು. ಮೇಡಂ ಬೆನ್ನು ತಿರುಗಿಸಿಯೇ ಇದ್ದರು. ಮುಂದಿನ ಸಾಲಿನ ಮಗು ಅವರ ತೋಳು ಮುಟ್ಟಲು ಏಳುವಷ್ಟರಲ್ಲಿ ಹೆಡ್‌ಮೇಡಂ ಒಳಗೆ ಬಂದಾಗಿತ್ತು.

“ಯಾರೂ ಏಳ್ಬೇಡಿ. ಅಲ್ಲಲ್ಲೇ ಕೂತಿರಿ,” ಎನ್ನುತ್ತ ಅವರು ಹಿಂದಿನ ಬೆಂಚಿನ ಹತ್ತಿರ ಹೋಗಿ ನಿಂತರು. “ಮೇಡಂ, ಈ ಲೆಕ್ಕ ಮಕ್ಕಳಿಗೆ ಕಷ್ಟ ಆಗಲ್ವಾ?”

ಸೀಮೆಸುಣ್ಣ ಬೋರ್ಡಿನ ಮೇಲೆ ಓಡುತ್ತಲೇ ಇತ್ತು. ಮಕ್ಕಳೆಲ್ಲ ಪತ್ತೇದಾರಿಯನ್ನೇ ನೋಡಿದರು. ಅವಳು ಮಣಿ ಹೆಕ್ಕುವವಳಂತೆ ಬಗ್ಗಿ, ಒಂದು ದಪ್ಪ ಮಣಿಯನ್ನು ಮೇಡಂ ಕಾಲಿಗೆ ತಾಗುವಂತೆ ಉರುಳಿಸಿದಳು. ಮೇಡಂ ತಿರುಗಿದರು. ತಲೆಯ ಮೇಲೆ ಎರಡೂ ಕೈ ಹೊತ್ತು ನೆಲದಲ್ಲಿ ಕೂತಿದ್ದ ಸಹಾಯಕಿ ಕಂಡಳು. ಕೂಡಲೇ ಕಣ್ಣೆತ್ತಿ ಹಿಂದಿನ ಬೆಂಚಿನ ಕಡೆ ನಕ್ಕರು.

“ಈ ಲೆಕ್ಕ ಕಷ್ಟ ಆಗಲ್ವಾ ಅಂದೆ,” ಎಂದರು ಹೆಡ್‌ಮೇಡಂ.

“ಸ್ವಲ್ಪ ಕಷ್ಟಾನೇ ಮೇಡಂ. ಅದಕ್ಕೇ ಮಣಿ ಇಳಿಸೋಕೆ ಹೇಳಿದ್ದೆ.”

ಆಮೇಲೆ ಹೆಡ್‌ಮೇಡಂ ಅವಳನ್ನು ವರಾಂಡಕ್ಕೆ ಕರೆದರು. “ಎಲ್ಲಿ ನಿನ್ನ ಕಳ್ಳಾಟ?”

“ಮಕ್ಕಳು ಏನೋ ಆಟ ಆಡ್ತಿದ್ರು. ನಾನೇ ತಪ್ಪು ತಿಳ್ಕೊಂಡೆ ಮೇಡಂ.”

“ಹಿರಿಯರ ಮೇಲೆ ಇಷ್ಟು ಅನುಮಾನ ಪಡೋಳು ಮಕ್ಕಳಿಗೆ ಏನು ಕಲಿಸ್ತೀಯ? ನಿನ್ನ ಬಗ್ಗೆ ಬರೆಯೋ ಮುಂಚೆ ಯೋಚಿಸಿ ಅಂತ ನಿಮ್ಮ ಮೇಡಂಗೆ ಹೇಳಿರ್ತೀನಿ.”

ಸಂಜೆ ಮಕ್ಕಳು ಹೋದ ಮೇಲೆ ಅವಳು ಬೋರ್ಡ್ ಒರೆಸುತ್ತಿದ್ದಳು. ಎರಡು ಜಡೆಯವಳು ಮಾತ್ರ ಮನೆಯವರನ್ನು ಕಾಯುತ್ತ ಬಾಗಿಲ ಬಳಿ ಕೂತಿದ್ದಳು.

“ಕಿವಿಗೆ ಮಷೀನ್ ತಗೊಂಡಿದ್ದೀನಮ್ಮ,” ಎಂದರು ಮೇಡಂ, ಹಿಂದಿನಿಂದ. “ಅದನ್ನ ಹಾಕ್ಕೊಂಡ್ರೆ ಬೆಂಚು ಎಳೆಯೋ ಸದ್ದು ಕೇಳುತ್ತೆ, ಮಕ್ಕಳ ಮಾತು ಕೇಳಲ್ಲ. ಅದಕ್ಕೇ ಬ್ಯಾಗಲ್ಲೇ ಇಟ್ಟಿದ್ದೀನಿ.” ಆಮೇಲೆ ಕೇಳಿದರು, “ಹೆಡ್‌ಮೇಡಂ ಸುಮ್ಸುಮ್ನೆ ಬರೋರಲ್ಲ. ಯಾರೋ ಹೇಳಿದ್ದಾರೆ. ನೀನಾ?”

“ಹೌದು,” ಎಂದಳು ಅವಳು, ಬೋರ್ಡಿಗೆ.

ಮೇಡಂ ಕಾಯುತ್ತಲೇ ಇದ್ದರು. ಅವರಿಗೆ ಕೇಳಿಸಿರಲಿಲ್ಲ. ಬೋರ್ಡ್ ಒರೆಸುತ್ತಲೇ ಇದ್ದರೆ ಮಾತು ಅಲ್ಲಿಗೇ ಮುಗಿದುಹೋಗುತ್ತಿತ್ತು. ಆದರೆ ಬಾಗಿಲ ಬಳಿಯ ಹುಡುಗಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು, ಅವಳು ಕಣ್ಣು ಕೀಳದೆ ನೋಡುತ್ತಿದ್ದಳು.

ಪತ್ತೇದಾರಿ ಒರೆಸುವ ಬಟ್ಟೆ ಕೆಳಗಿಟ್ಟಳು. ತಿರುಗಿ, ಮೇಡಂ ಎದುರಿಗೆ ಬಂದು, ವಕ್ರ ಹಲ್ಲು ಪೂರ್ತಿ ಕಾಣುವ ಹಾಗೆ ಬಾಯಿ ತೆರೆದು, ನಿಧಾನವಾಗಿ ಮತ್ತೊಮ್ಮೆ ಹೇಳಿದಳು, “ಹೌದು ಮೇಡಂ. ನಾನೇ.”